ಕುರುಡು ಕುದುರೆ ನಿಂತಲ್ಲೇ ನಿಂತಿತ್ತು

ನಮ್ಮ ಶಾಲೆಯ ಲೈಬ್ರರಿಗೂ ನನ್ನ ಡ್ರಾಯಿಂಗ್ ರೂಮಿಗೂ ನಡುವೆ ಇರುವುದು ಒಂದು ಪ್ಲೈವುಡ್ ಹಲಗೆ. ಮೊದಲು ಅದೊಂದೇ ಉದ್ದನೆಯ ಹಾಲ್ ಆಗಿತ್ತು. ಯಾರಿಗೋ ಎರಡು ರೂಮು ಬೇಕೆನಿಸಿ ಅಡ್ಡ ಹಲಗೆ ಹೊಡೆಸಿದರು. ಅದು ಚಾವಣಿ ಮುಟ್ಟುವಷ್ಟರಲ್ಲಿ ದುಡ್ಡು ಮುಗಿಯಿತೋ ಉತ್ಸಾಹ ಮುಗಿಯಿತೋ, ಮೇಲೆ ಒಂದು ಗೇಣು ಹಾಗೇ ಬಿಟ್ಟರು. ಆ ಗೇಣಿನ ದೆಸೆಯಿಂದ ಲೈಬ್ರರಿ ಮೇಡಂ ಅವರ ಕಷ್ಟಸುಖ ಅವರ ಗಂಡನಿಗಿಂತ ನನಗೇ ಚೆನ್ನಾಗಿ ಗೊತ್ತು. ಶಾಲೆಯಲ್ಲಿ ನಾಲ್ಕು ಜನರ ಎದುರು ಅವರು ನನಗೆ ಮೇಡಂ, ಬಾಗಿಲು ಹಾಕಿದ ಮೇಲೆ ಅಕ್ಕ.

ಮಕ್ಕಳು ಅವರಿಗಿಟ್ಟ ಹೆಸರು ಗಲಾಟೆ ಮಿಸ್. ನೋಡಿದರೆ ಗಾಳಿ ಬಂದರೆ ಹಾರಿಹೋಗುವಂಥ ಮೈಕಟ್ಟು, ದೊಡ್ಡ ಕನ್ನಡಕ. ಆದರೆ ಪುಸ್ತಕ ಹಿಡಿದು ಮಕ್ಕಳಿಗೆ ಓದಲು ಕೂತರೆ ಆ ರೂಮಿನಲ್ಲಿ ಮುದುಕ ಕೆಮ್ಮುತ್ತಾನೆ, ಬಾಗಿಲು ಕಿರುಗುಟ್ಟುತ್ತದೆ, ಕುದುರೆ ಕೆನೆಯುತ್ತದೆ. ನನ್ನ ಕಡೆಯ ಮಕ್ಕಳು ಹೂಕುಂಡದ ಚಿತ್ರ ಬಿಡಿಸುವುದನ್ನು ಬಿಟ್ಟು ಹಲಗೆಗೆ ಕಿವಿ ಹಚ್ಚುತ್ತಾರೆ. ಬೈದು ಪ್ರಯೋಜನವಿಲ್ಲ, ನಾನೂ ಕೇಳುತ್ತಿರುತ್ತೇನೆ.

ಇಂಥವರನ್ನು ನಮ್ಮ ಶಾಲೆ ಹೇಗೆ ಬಳಸಿಕೊಳ್ಳುತ್ತಿತ್ತು ಎಂದು ಹೇಳಿದರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ. ಯಾವ ಟೀಚರಿಗೆ ಜ್ವರ ಬಂದರೂ, ಯಾರ ಮಗಳ ಮದುವೆ ಇದ್ದರೂ, ಆ ತರಗತಿಗೆ ಹೋಗಬೇಕಾದವರು ಇವರು. ಜವಾನ ಕೈಯಲ್ಲಿ ಬದಲಿ ಪೀರಿಯಡಿನ ಚೀಟಿ ಹಿಡಿದು ಬರುತ್ತಿದ್ದ. ಲೈಬ್ರರಿಗೆ ಬೀಗ ಬೀಳುತ್ತಿತ್ತು. ಲೈಬ್ರರಿ ಪೀರಿಯಡ್ ಎಂದು ಬಂದ ಮಕ್ಕಳು ಬೀಗ ನೋಡಿ ವಾಪಸ್ ಹೋಗುತ್ತಿದ್ದರು.

"ಅವರಿಗೇನು, ಪುಸ್ತಕ ಕಾಯೋದು ತಾನೇ. ಪುಸ್ತಕ ಎಲ್ಲಿಗೂ ಓಡಿಹೋಗಲ್ಲ," ಎಂದು ಹೆಡ್ ಮಿಸ್ ಎಲ್ಲರ ಎದುರು ಹೇಳಿದ್ದರು. ಅಕ್ಕ ನಕ್ಕರು. ಆಮೇಲೆ ನನ್ನ ರೂಮಿಗೆ ಬಂದು ನನ್ನ ಬಣ್ಣದ ಡಬ್ಬಿಗಳನ್ನೆಲ್ಲ ಢಣಢಣ ಎಂದು ಜೋಡಿಸಿಟ್ಟು ಹೋದರು.

ವರ್ಷದ ಮೊದಲಲ್ಲಿ ಅವರನ್ನು ಒಂದು ತರಬೇತಿಗೆ ಕಳಿಸಿದ್ದರು. ಮಕ್ಕಳಿಗೆ ಓದಿನ ರುಚಿ ಹತ್ತಿಸುವುದು ಹೇಗೆ ಎಂದು ಲೈಬ್ರರಿಯವರಿಗೂ ಟೀಚರುಗಳಿಗೂ ಹೇಳಿಕೊಡುವ ತರಬೇತಿ. ಬರುವಾಗ ಒಂದು ದೊಡ್ಡ ಪೆಟ್ಟಿಗೆ ಹೊತ್ತು ತಂದರು. ಅದರಲ್ಲಿ ಪದಗಳ ಕಾರ್ಡು, ಬೆರಳಿಗೆ ಹಾಕುವ ಗೊಂಬೆ, ದೊಡ್ಡಕ್ಷರದ ಕಥೆಪುಸ್ತಕ, ಗೋಡೆಗೆ ಹಚ್ಚುವ ಚಿತ್ರಗಳು. ಹೊಸ ಮದುಮಗಳ ಹಾಗೆ ಮುಖ ಅರಳಿತ್ತು. ಹೆಡ್ ಮಿಸ್ ಪೆಟ್ಟಿಗೆ ತೆರೆಸಿ, ಮೆಚ್ಚಿ, ಅದನ್ನು ತಮ್ಮ ರೂಮಿನ ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮಕ್ಕಳ ಕೈಗೆ ಕೊಟ್ಟರೆ ಹಾಳಾಗುತ್ತದಂತೆ, ತಪಾಸಣೆಗೆ ಬಂದವರಿಗೆ ತೋರಿಸಲು ಬೇಕಂತೆ.

ಅಕ್ಕ ಸೋಲುವವರಲ್ಲ. ಅಂಗಡಿಯಿಂದ ರಟ್ಟಿನ ಪೆಟ್ಟಿಗೆ ಬೇಡಿ ತಂದು ಕತ್ತರಿಸಿ ತಾವೇ ಕಾರ್ಡು ಮಾಡಿದರು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ ಪುಟ್ಟ ಕಥೆ ಬರೆದು ಸುರುಳಿ ಸುತ್ತಿಟ್ಟರು. ಗೊಂಬೆಗೆ ಹರಿದ ಕಾಲುಚೀಲ ಸಾಕಾಯಿತು. ಉಳಿದ ಟೀಚರುಗಳಿಗೂ ಉಪಯೋಗವಾಗಲಿ ಎಂದು, ಪಾಠ ಬೇಗ ಮುಗಿದ ದಿನ ಮಕ್ಕಳ ಜೊತೆ ಏನೇನು ಓದಬಹುದು, ಓದಲು ಒದ್ದಾಡುವವರನ್ನು ಹೇಗೆ ಪಕ್ಕಕ್ಕೆ ಕೂರಿಸಿಕೊಳ್ಳಬಹುದು ಎಂದೆಲ್ಲ ಒಂದು ದೊಡ್ಡ ಹಾಳೆಯಲ್ಲಿ ಬರೆದು ಸ್ಟಾಫ್ ರೂಮಿನಲ್ಲಿ ಅಂಟಿಸಿದರು. ವಾರದೊಳಗೆ ಆ ಹಾಳೆ ಕಿಟಕಿಗೆ ಹೋಯಿತು. ಮಧ್ಯಾಹ್ನದ ಬಿಸಿಲು ವಿಜ್ಞಾನದ ಮೇಡಂ ಕಣ್ಣಿಗೆ ಹೊಡೆಯುತ್ತಿತ್ತಂತೆ. ಅಂಟಿಸಿದವರು ಬರಹದ ಬದಿಯನ್ನು ಹೊರಗೆ ಮಾಡಿದ್ದರು, ಅಂಗಳದ ಕಾಗೆಗಳಿಗೆ ಓದಲು ಅನುಕೂಲವಾಗಲಿ ಎಂದಿರಬೇಕು.

ಇನ್ನು ಏಳನೇ ತರಗತಿಯ ವಿಷಯ. ನಮ್ಮಲ್ಲಿ ಏಳೇ ಕೊನೆ. ಆಮೇಲೆ ಮಕ್ಕಳು ಬೇರೆ ಬೇರೆ ಶಾಲೆಗಳಿಗೆ ಚೆದುರಿಹೋಗುತ್ತಾರೆ. ಆ ವರ್ಷದ ಏಳನೇ ತರಗತಿಯವರಿಗೆ ಪುಸ್ತಕ ಕಂಡರಾಗದು. ಅದರಲ್ಲೂ ಹಿಂದಿನ ಬೆಂಚಿನ ಒಬ್ಬಳು, ಟೈರ್ ಅಂಗಡಿಯವನ ಮಗಳು, ಅಕ್ಷರಕ್ಕೆ ಅಕ್ಷರ ಕೂಡಿಸಿ ಒಂದು ಸಾಲು ಮುಗಿಸುವಷ್ಟರಲ್ಲಿ ಬೆವರುತ್ತಿದ್ದಳು. ಓದು ಎಂದರೆ ತಲೆ ತಗ್ಗಿಸಿ ಮೂಕಿಯಾಗಿಬಿಡುವಳು. ಅಕ್ಕ ಅವಳಿಗೆ ಓದು ಎನ್ನಲಿಲ್ಲ. ಇಡೀ ತರಗತಿಗೆ ತಾವೇ ಒಂದು ದಪ್ಪ ಪುಸ್ತಕ ಓದಲು ಶುರುಮಾಡಿದರು, ವಾರಕ್ಕೊಂದು ಪೀರಿಯಡ್. ಅಪ್ಪ ತಮ್ಮ ಕುರುಡು ಕುದುರೆಯನ್ನು ಮಾರಿಬಿಡುತ್ತಾನೆಂದು ಗೊತ್ತಾಗಿ, ಅದನ್ನು ಹಿಡಿದುಕೊಂಡು ಗುಡ್ಡದಾಚೆಯ ಚಿಕ್ಕಮ್ಮನ ಮನೆಗೆ ಹೊರಡುವ ಒಬ್ಬ ಹುಡುಗಿಯ ಕಥೆ.

ಮೂರನೆಯ ವಾರ ಬೆಲ್ ಹೊಡೆದು ಅಕ್ಕ ಪುಸ್ತಕ ಮುಚ್ಚಿದಾಗ ಹಿಂದಿನ ಬೆಂಚಿನಿಂದ "ಆಮೇಲೆ?" ಎಂಬ ದನಿ ಬಂತು. ಟೈರ್ ಅಂಗಡಿಯವನ ಮಗಳು. ಶಾಲೆಗೆ ಸೇರಿದಾಗಿನಿಂದ ಅವಳು ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು ಎಂದು ಅಕ್ಕ ಪ್ರಮಾಣ ಮಾಡಿ ಹೇಳುತ್ತಿದ್ದರು. ಅವತ್ತು ನನ್ನ ರೂಮಿಗೆ ಬಂದು, "ಈ ಪುಸ್ತಕ ಒಂದು ಮುಗಿಸಿಬಿಟ್ರೆ ಸಾಕು ಕಣೇ. ಆಮೇಲೆ ಅವಳು ತಾನೇ ಇನ್ನೊಂದು ಕೇಳ್ಕೊಂಡು ಬರ್ತಾಳೆ, ನೋಡ್ತಿರು. ಪರೀಕ್ಷೆಗೆ ಮುಂಚೆ ಹೇಗಾದ್ರೂ ಮುಗಿಸ್ಬೇಕು," ಎಂದರು.

ಕುದುರೆ ಗುಡ್ಡ ಹತ್ತಿತು. ಹೊಳೆಯ ಹಲಗೆ ಸೇತುವೆಯ ಹತ್ತಿರ ಬಂತು. ಕಾಲಡಿಯಲ್ಲಿ ನೀರಿನ ಸದ್ದು ಕೇಳಿ ಬೆದರಿ ನಿಂತಿತು. ಅಲ್ಲಿಗೆ ಪೀರಿಯಡ್ ಮುಗಿಯಿತು. ಮುಂದಿನ ವಾರ ಜವಾನ ಚೀಟಿ ಹಿಡಿದು ಬಂದ. ಅದರ ಮುಂದಿನ ವಾರವೂ ಬಂದ. ಆಮೇಲೆ ಗಣಿತದ ಸರ್ ಹೆಡ್ ಮಿಸ್ ಹತ್ತಿರ ಹೋಗಿ, ಪರೀಕ್ಷೆ ಹತ್ತಿರ ಬಂತು, ಏಳನೇ ತರಗತಿಯ ಲೈಬ್ರರಿ ಪೀರಿಯಡ್ ನನಗೆ ಕೊಡಿ, ರಿವಿಷನ್ ಮಾಡಿಸುತ್ತೇನೆ ಎಂದರು. ಹೆಡ್ ಮಿಸ್ ಕೊಟ್ಟರು. ಲೈಬ್ರರಿ ಮೇಡಂ ಅವರನ್ನು ಕೇಳಬೇಕು ಎಂದು ಇಬ್ಬರಿಗೂ ಹೊಳೆಯಲಿಲ್ಲ. ನನ್ನ ಡ್ರಾಯಿಂಗ್ ಪೀರಿಯಡನ್ನು ಸರ್ ಅದಕ್ಕೂ ಮೊದಲೇ ನುಂಗಿದ್ದರು.

ಕುದುರೆ ಸೇತುವೆಯ ಈಚೆ ದಡದಲ್ಲೇ ನಿಂತಿತ್ತು. ಅಕ್ಕ ಕಾರಿಡಾರಿನಲ್ಲಿ ಹೋದರೆ ಏಳನೇ ತರಗತಿಯ ಮಕ್ಕಳು ಅಡ್ಡಗಟ್ಟಿ, "ಮಿಸ್, ದಾಟ್ತಾ ಇಲ್ವಾ?" ಎಂದು ಕೇಳುವರು. ಟೈರ್ ಅಂಗಡಿಯವನ ಮಗಳು ಊಟದ ಹೊತ್ತಿಗೆ ಲೈಬ್ರರಿಗೆ ಬಂದು, ಆ ಪುಸ್ತಕದ ಮುಂದಿನ ಪುಟಕ್ಕೆ ಬೆರಳಿಟ್ಟು ಒಂದೆರಡು ಸಾಲು ತಿಣುಕಿ ನೋಡಿ ಎದ್ದು ಹೋಗುವಳು. ಅಕ್ಕ ಬೇಕೆಂದೇ ಸಹಾಯಕ್ಕೆ ಹೋಗದೆ, ಪುಸ್ತಕವನ್ನು ಮಾತ್ರ ಮೇಜಿನ ಮೇಲೆ ಅವಳ ಕೈಗೆ ಸಿಗುವಂತೆ ಇಡುತ್ತಿದ್ದರು.

ಮನೆಯಲ್ಲೂ ಇದೇ ಗೋಳು. ಒಲೆಯ ಮುಂದೆ ನಿಂತು ಕೊನೆಯ ಅಧ್ಯಾಯದ ಮಾತುಗಳನ್ನು ಅಭ್ಯಾಸ ಮಾಡುತ್ತಾ ಹಾಲು ಉಕ್ಕಿಸುತ್ತಿದ್ದರು. ಅವರ ಅತ್ತೆ ಒಂದು ದಿನ ನನ್ನನ್ನು ಮಾರ್ಕೆಟ್ಟಿನಲ್ಲಿ ಹಿಡಿದು ನಿಲ್ಲಿಸಿದರು.

"ನಿಮ್ಮ ಶಾಲೆಯವರು ಆ ಕುದುರೆಗೊಂದು ಗತಿ ಕಾಣಿಸಬಾರದೇನಮ್ಮಾ? ನಮ್ಮನೇಲಿ ಯಾರಿಗೂ ನೆಮ್ಮದಿ ಇಲ್ಲ. ನನ್ನ ಮಗ ಊಟಕ್ಕೆ ಕೂತ್ರೆ ಇವಳು ತಟ್ಟೆ ಮುಂದೆ ಕೆನೀತಾಳೆ."

ಅಕ್ಕ ಕೊನೆಗೆ ಹೆಡ್ ಮಿಸ್ ಎದುರು ಕೂತು, ಪರೀಕ್ಷೆಗೆ ಮೊದಲಿನ ಶುಕ್ರವಾರ ಏಳನೇ ತರಗತಿಯ ಒಂದು ಪೀರಿಯಡ್ ತಮಗೆ ಬೇಕೇಬೇಕು ಎಂದು ಹಟ ಹಿಡಿದರು. ಹೆಡ್ ಮಿಸ್‌ಗೆ ಸಾಕಾಗಿ ಒಪ್ಪಿದರು. ಅಕ್ಕ ಕುಣಿಯುವುದೊಂದು ಬಾಕಿ.

ಆ ಶುಕ್ರವಾರಕ್ಕೆ ಮೊದಲು ಗಣಿತದ ಸರ್ ಒಂದು ಘನಕಾರ್ಯ ಮಾಡಿದರು. ಕೆಟ್ಟವರಲ್ಲ ಅವರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುತ್ತಾರೆ, ದಡ್ಡ ಮಕ್ಕಳನ್ನು ಸಂಜೆ ಕೂರಿಸಿಕೊಂಡು ಕಲಿಸುತ್ತಾರೆ. ಆದರೆ ರಿವಿಷನ್ ನಡುವೆ ಮಕ್ಕಳು ಬಾಯಿಬಿಟ್ಟರೆ ಕುದುರೆ, ಕುದುರೆ. ಅವರಿಗೆ ತಲೆ ಚಿಟ್ಟು ಹಿಡಿಯಿತು. ಊಟದ ಹೊತ್ತಿನಲ್ಲಿ ಲೈಬ್ರರಿಗೆ ಹೋಗಿ ಮೇಜಿನ ಮೇಲಿದ್ದ ಪುಸ್ತಕದ ಕೊನೆಯ ಪುಟ ಓದಿದರು. ತರಗತಿಗೆ ಬಂದು, "ಕುದುರೆ ಸಾಯುತ್ತೆ. ಹುಡುಗಿ ಮನೆ ಸೇರ್ತಾಳೆ. ಆಯ್ತಲ್ಲ? ಈಗ ಲೆಕ್ಕದ ಪುಸ್ತಕ ತೆಗೀರಿ," ಎಂದರು.

ಮಕ್ಕಳು ತೆಗೆದರಂತೆ. ಪೀರಿಯಡ್ ಮುಗಿಯುವವರೆಗೆ ಒಬ್ಬರೂ ಮಾತಾಡಲಿಲ್ಲವಂತೆ. ಸರ್ ಅದನ್ನು ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದಲೇ ಹೇಳಿದರು. ಅಕ್ಕ ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟರು.

"ಸರ್, ನೀವು ಅವರಿಗೆ ಕೊನೆ ಹೇಳಿಬಿಟ್ರಾ?"

"ಹೂಂ ಮೇಡಂ. ಉತ್ತರ ಗೊತ್ತಾಗ್ಲಿಲ್ಲ ಅಂತ ಒದ್ದಾಡ್ತಿದ್ರು. ಹೇಳ್ದೆ. ನಿಮಗೂ ಒಂದು ಪೀರಿಯಡ್ ಉಳೀತು."

"ನಾನು ನಿಮ್ಮ ತರಗತಿಗೆ ಬಂದು, ಮಕ್ಕಳು ಲೆಕ್ಕ ಬಿಡಿಸೋಕೆ ಮುಂಚೆ ಎಲ್ಲ ಉತ್ತರ ಬೋರ್ಡ್ ಮೇಲೆ ಬರೆದಿಟ್ಟು ಹೋದ್ರೆ ನಿಮಗೆ ಹೇಗಿರುತ್ತೆ?"

"ಅದು ಬೇರೆ ಮೇಡಂ. ಲೆಕ್ಕದಲ್ಲಿ ಹಂತಕ್ಕೆ ಮಾರ್ಕ್ಸ್ ಇದೆ."

ನಾನು ನಗುವುದೋ ಅಳುವುದೋ ತಿಳಿಯದೆ ಗೋಡೆ ನೋಡಿದೆ. ಅಕ್ಕ ಎದ್ದು ಹೋದರು. ಹಲಗೆಯ ಆಚೆ ಅವರು ಅಳುವುದು ಕೇಳಿಸಿತು. ಮೂಗೊರೆಸಿಕೊಂಡು, ಪುಸ್ತಕಗಳನ್ನು ಕಪಾಟಿಗೆ ತುರುಕುತ್ತಾ, ಮಧ್ಯೆ ಮಧ್ಯೆ ಬೈದುಕೊಳ್ಳುತ್ತಾ ಅತ್ತರು. ಆ ದಿನ ಟೈರ್ ಅಂಗಡಿಯವನ ಮಗಳು ಊಟದ ಹೊತ್ತಿಗೆ ಬರಲಿಲ್ಲ. ಮರುದಿನವೂ ಬರಲಿಲ್ಲ.

"ಪಾತ್ರೆ ತೊಳೆದಿಟ್ಟ ಮೇಲೆ ಊಟಕ್ಕೆ ಕರೆದ ಹಾಗೆ ಆಯ್ತು ನನ್ನ ಶುಕ್ರವಾರ," ಎಂದರು ಅಕ್ಕ. "ಹೆಡ್ ಮಿಸ್‌ಗೆ ಹೇಳಿಬಿಡ್ತೀನಿ, ಆ ಪೀರಿಯಡ್ಡೂ ಅವರೇ ತಗೊಳ್ಳಲಿ."

"ಹೇಳಿದ್ರೆ ನಾನು ನಿಮ್ಮ ಹತ್ರ ಮಾತು ಬಿಡ್ತೀನಿ ಅಕ್ಕ," ಎಂದೆ. ಸಿಟ್ಟಿನಲ್ಲಿ ಹೇಳಿದ್ದು, ನಿಜವಾಗಿಯೂ ಬಿಡುತ್ತಿದ್ದೆ.

ಶುಕ್ರವಾರ ಏಳನೇ ತರಗತಿಯವರು ಸಾಲಾಗಿ ಬಂದು ಚಾಪೆಯ ಮೇಲೆ, ಬೆಂಚಿನ ಮೇಲೆ ಕೂತರು. ಅಕ್ಕ ಪುಸ್ತಕ ತೆರೆಯಲಿಲ್ಲ. ಹರಿದ ಪುಸ್ತಕಗಳ ಒಂದು ರಾಶಿ ಮುಂದಿಟ್ಟು, ಅಂಟು ಬಳಿದು ಸರಿಮಾಡೋಣ ಎಂದರು. ಯಾರೂ ಕೈ ಹಾಕಲಿಲ್ಲ.

"ಮಿಸ್, ಓದಲ್ವಾ?" ಹಿಂದಿನ ಬೆಂಚಿನ ದನಿ.

"ಇನ್ನೇನು ಓದೋದಮ್ಮ? ಸರ್ ಹೇಳಿದಾರಲ್ಲ."

"ಸರ್ ಸತ್ತೋಯ್ತು ಅಂದ್ರು. ನಾವಿನ್ನೂ ಸೇತುವೆ ಹತ್ರಾನೇ ಇದೀವಲ್ಲ ಮಿಸ್."

ಈಚೆ ನನ್ನ ಕೈಯಲ್ಲಿದ್ದ ಕುಂಚ ನಿಂತಿತು. ಆಚೆ ಕುರ್ಚಿ ಎಳೆದದ್ದು ಕೇಳಿಸಿತು, ಕನ್ನಡಕದ ಡಬ್ಬಿ ಮುಚ್ಚಿದ್ದು ಕೇಳಿಸಿತು, ಹೊಳೆಯ ನೀರು ಕೇಳಿಸಿತು.

ಕುದುರೆ ಹಲಗೆಯ ಮೇಲೆ ಒಂದು ಗೊರಸು ಇಟ್ಟಿತಷ್ಟೆ, ಕಾರಿಡಾರಿನಲ್ಲಿ ಜವಾನ ಚೀಟಿ ಹಿಡಿದು ಬರುವುದು ಕಂಡಿತು. ನಾನು ಓಡಿಹೋಗಿ ಅಡ್ಡ ನಿಂತೆ. ಮೂರನೇ ತರಗತಿಯಲ್ಲಿ ಟೀಚರ್ ಇಲ್ಲವಂತೆ, ಲೈಬ್ರರಿ ಮೇಡಂ ಹೋಗಬೇಕಂತೆ.

"ಮೂರನೇ ತರಗತಿಯವರನ್ನ ನನ್ನ ರೂಮಿಗೆ ಕಳ್ಸಪ್ಪ. ಚೀಟಿ ನನಗೆ ಕೊಡು."

"ಹೆಡ್ ಮಿಸ್ ಬೈತಾರೆ ಮೇಡಂ."

"ಬೈಯ್ಲಿ. ನನ್ನ ಹೆಸರು ಹೇಳು."

ನನ್ನ ಪೀರಿಯಡಿನ ಮಕ್ಕಳೂ ಮೂರನೇ ತರಗತಿಯವರೂ ನನ್ನ ರೂಮಿನಲ್ಲಿ ಒತ್ತೊತ್ತಾಗಿ ಕೂತು ಕೇಳಿದರು. ಸೇತುವೆ ದಾಟುವುದಕ್ಕೇ ಅರ್ಧ ಪೀರಿಯಡ್ ಬೇಕಾಯಿತು. ಗುಡ್ಡದ ಆಚೆ ಮಗ್ಗುಲಲ್ಲಿ ಚಿಕ್ಕಮ್ಮನ ಮನೆಯ ದೀಪ ಕಂಡಾಗ ಕುದುರೆ ಮುಗ್ಗರಿಸಿತು. ಅದೇ ಹೊತ್ತಿಗೆ ಬೆಲ್ ಹೊಡೆಯಿತು. ಅಕ್ಕ ನಿಲ್ಲಿಸಲಿಲ್ಲ. ನಾನು ಎದ್ದು ಲೈಬ್ರರಿಯ ಬಾಗಿಲಿಗೆ ಹೋದೆ. ಗಣಿತದ ಸರ್ ಚಾಕ್‌ಪೀಸಿನ ಡಬ್ಬಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದರು.

"ಮೇಡಂ, ಇದು ನನ್ನ ಪೀರಿಯಡ್," ಎಂದರು.

ಅಕ್ಕ ಪುಸ್ತಕದಿಂದ ಕಣ್ಣೆತ್ತದೆ, ಓದು ನಿಲ್ಲಿಸದೆ, ಕೈ ಚಾಚಿ ಹಿಂದಿನ ಬೆಂಚು ತೋರಿಸಿದರು. ಸರ್ ಒಮ್ಮೆ ಗಡಿಯಾರ ನೋಡಿದರು, ಒಮ್ಮೆ ಮಕ್ಕಳನ್ನು ನೋಡಿದರು. ಯಾರೊಬ್ಬರೂ ಅವರ ಕಡೆ ತಿರುಗಿರಲಿಲ್ಲ. ಮೆಲ್ಲಗೆ ಒಳಗೆ ಹೋಗಿ, ಮೊಣಕಾಲು ಮಡಚಿ ಆ ಗಿಡ್ಡ ಬೆಂಚಿನ ತುದಿಯಲ್ಲಿ ಕೂತರು. ಹುಡುಗಿ ಕುದುರೆಯ ಕುತ್ತಿಗೆ ತಬ್ಬಿ, ಇನ್ನು ನಾಲ್ಕೇ ಹೆಜ್ಜೆ ಕಣೋ, ಬಾರೋ ಎಂದು ಕರೆಯುತ್ತಿದ್ದಳು. ಅಕ್ಕ ಪುಟ ತಿರುಗಿಸಿದರು.

ಸರ್ ಪಕ್ಕದಲ್ಲಿದ್ದ ಟೈರ್ ಅಂಗಡಿಯವನ ಮಗಳ ಕಡೆ ಬಾಗಿ, ಪಿಸುದನಿಯಲ್ಲಿ, "ಕುದುರೆ ಇನ್ನೂ ಇದೆ ಅಲ್ವಾ?" ಎಂದು ಕೇಳಿದರು.

"ಸುಮ್ನಿರಿ ಸರ್," ಎಂದಳು ಅವಳು. "ಈಗ ಸಾಯುತ್ತೆ."