ಎರಡೂ ಕಡೆ ಅಗಿದ ಭಾವ

ಐವತ್ತರ ಹೊಸ್ತಿಲಲ್ಲಿ ಮತ್ತೆ ವಿದ್ಯಾರ್ಥಿಯಾದ ನಮ್ಮ ಭಾವ, ಸಂಜೆ ಕಾಲೇಜಿನ ಮೊದಲ ದಿನವೇ ಹಲ್ಲು ಉದುರಿಸಿಕೊಂಡರು. ಯಾರೂ ಹೊಡೆದದ್ದಲ್ಲ. ರಾಜ್ಯಶಾಸ್ತ್ರದ ಮೇಡಂ ಒಬ್ಬೊಬ್ಬರನ್ನೇ ಎಬ್ಬಿಸಿ ಪರಿಚಯ ಕೇಳುತ್ತಿದ್ದರು. ಭಾವನ ಸರದಿ ಬಂತು. ಎದ್ದರು, ಬೆವೆತರು, ಒರೆಸಿಕೊಳ್ಳಲು ಪ್ಯಾಂಟಿನ ಜೇಬಿನಿಂದ ಕರವಸ್ತ್ರ ಎಳೆದರು. ಅದರ ಜೊತೆಗೆ ಕೆಳದವಡೆಯ ಒಂದು ಪೂರ್ತಿ ಸೆಟ್ಟು ಹೊರಬಂದು, ನೆಲಕ್ಕೆ ಬಿದ್ದು, ಪುಟಿದು, ಮುಂದಿನ ಬೆಂಚಿನ ನರ್ಸಮ್ಮನ ಚಪ್ಪಲಿಯ ಪಕ್ಕ ಅಂಗಾತ ಮಲಗಿ ಎಲ್ಲರನ್ನೂ ನೋಡಿ ನಗತೊಡಗಿತು.

"ನಿಮ್ಮದೇನ್ರೀ ಇದು?" ಮೇಡಂ ಕೇಳಿದರು.

"ಅಲ್ಲ ಮೇಡಂ. ಕೆಳಗಿನದು ನನ್ನದಲ್ಲ. ನನ್ನದು ಮೇಲಿನದು."

ಇಡೀ ತರಗತಿ ಭಾವನ ಬಾಯಿಯನ್ನೇ ದಿಟ್ಟಿಸಿತು.

ಅವರು ಹೇಳಿದ್ದು ಅಕ್ಷರಶಃ ನಿಜ. ಭಾವ ಕೆಲಸ ಮಾಡುವುದು ಕಟ್ಟಿಸಿಕೊಳ್ಳುವ ಹಲ್ಲಿನ ಲ್ಯಾಬಿನಲ್ಲಿ. ಕ್ಲಿನಿಕ್ಕುಗಳಿಂದ ರೋಗಿಗಳ ಒಸಡಿನ ಅಚ್ಚು ಬರುತ್ತದೆ. ಅದಕ್ಕೆ ಪ್ಲಾಸ್ಟರ್ ಹುಯ್ದು, ಮೇಣದ ಮೇಲೆ ಹಲ್ಲು ಜೋಡಿಸಿ, ಆಮೇಲೆ ಮೇಣ ಕರಗಿಸಿ ಆ ಜಾಗಕ್ಕೆ ಗುಲಾಬಿ ಬಣ್ಣದ ಒಸಡು ತುಂಬಿ ಕಳಿಸುವುದು ಅಲ್ಲಿಯ ಕಸುಬು. ಆ ಲ್ಯಾಬಿನಲ್ಲಿ ಮಾತ್ರ ಒಂದು ಹಳೇ ಪದ್ಧತಿ ಇತ್ತು: ಮೇಲಿನ ಸಾಲನ್ನು ಒಬ್ಬ ಕಟ್ಟಬೇಕು, ಕೆಳಗಿನ ಸಾಲನ್ನು ಇನ್ನೊಬ್ಬ. ಒಬ್ಬನೇ ಎರಡನ್ನೂ ಕಟ್ಟಿದರೆ ತನ್ನ ತಪ್ಪಿಗೆ ತಾನೇ ಹೊಂದಿಸಿಕೊಂಡುಬಿಡುತ್ತಾನೆ, ಇಬ್ಬರಿದ್ದರೆ ಜಗಳಾಡಿಯಾದರೂ ಸರಿಮಾಡುತ್ತಾರೆ ಎಂಬುದು ಈಗಿನ ಯಜಮಾನರ ತಂದೆಯ ನಂಬಿಕೆ. ಹೀಗಾಗಿ ಭಾವ ಮೇಲ್ದವಡೆ. ಅದೇ ಮೇಜಿನ ಆಚೆ ಬದಿಗೆ ಕೂರುವ ಅವರ ಜೀವದ ಗೆಳೆಯ ಕೆಳದವಡೆ. ನಮ್ಮ ಮನೆಯಲ್ಲಿ ಮಕ್ಕಳೂ ಆತನನ್ನು ಕೆಳದವಡೆ ಮಾಮ ಎಂದೇ ಕರೆಯುವುದು. ಕಾಲೇಜಿಗೆ ಹೋಗುವ ದಾರಿಯಲ್ಲಿ ಕ್ಲಿನಿಕ್ಕಿಗೆ ಮುಟ್ಟಿಸೆಂದು ಆತ ಕೊಟ್ಟ ಸೆಟ್ಟೇ ಅಂದು ಭಾವನ ಜೇಬಿನಲ್ಲಿ ಉಳಿದುಬಿಟ್ಟದ್ದು.

ಇಬ್ಬರೂ ತಮ್ಮ ತಮ್ಮ ಸಾಲು ಮುಗಿಸಿ, ಬಾಯಿಯ ಹಾಗೆ ತೆರೆದು ಮುಚ್ಚುವ ಒಂದು ಲೋಹದ ಚೌಕಟ್ಟಿಗೆ ಕೂರಿಸಿ, ನಡುವೆ ನೀಲಿ ಕಾರ್ಬನ್ ಕಾಗದ ಇಟ್ಟು ಕಚ್ಚಿಸಿ ನೋಡುತ್ತಿದ್ದರು. ಎಲ್ಲಿ ನೀಲಿ ಗಾಢವಾಗಿ ಹತ್ತಿತೋ ಅಲ್ಲಿ ಹಲ್ಲು ಎತ್ತರ ಎಂದರ್ಥ.

"ನಿಂದು ಜಾಸ್ತಿಯಾಯ್ತು."

"ನಂದ್ಯಾಕೆ ಆಗತ್ತೆ? ನಿಂದೇ ಜಾಸ್ತಿ. ಮೇಲಿದ್ದೀನಿ ಅಂತ ಮೆರೀಬೇಡ."

ಹೀಗೆ ಹಲ್ಲು ಮಸೆಯುತ್ತಲೇ ಇಬ್ಬರೂ ಹೊಟ್ಟೆ ಹೊರೆದುಕೊಂಡರು.

ಬಾಯಲ್ಲಿ ಅಲ್ಲಾಡುವುದು ಕೆಳದವಡೆ ಒಂದೇ. ಮೇಜಿನಲ್ಲೂ ಹಾಗೇ. ಆತ ಒಂದು ಪಕ್ಷದ ಕಟ್ಟಾ ಅಭಿಮಾನಿ. ಸ್ಪಿರಿಟ್ ದೀಪದಲ್ಲಿ ಚಾಕು ಕಾಯಿಸುತ್ತಾ, ಮೇಣ ಕೆತ್ತುತ್ತಾ, ಬೆಳಗಿನಿಂದ ಸಂಜೆಯವರೆಗೆ ದೇಶ ನಡೆಸುತ್ತಿದ್ದ. ಭಾವ "ಹೂಂ" ಎನ್ನುತ್ತಿದ್ದರು. ಒಂದು ಸಲ ಆತ ಜ್ವರ ಬಂದು ವಾರವಿಡೀ ಬರಲಿಲ್ಲ. ಟೀ ಅಂಗಡಿಯಲ್ಲಿ ಯಾರೋ, "ಈ ಸಲ ಯಾರು ಬರಬೇಕು ಅಂತೀರಿ ಸಾರ್?" ಎಂದು ಕೇಳಿದರು. ಭಾವ ಬಾಯಿ ತೆರೆದರು. ಒಳಗೆ ಏನೂ ಇರಲಿಲ್ಲ. ಹೂಂ ಎನ್ನಲು ಮೊದಲು ಯಾರಾದರೂ ಏನಾದರೂ ಹೇಳಬೇಕಲ್ಲ!

ಆ ಖಾಲಿತನ ಅವರನ್ನು ಕಚ್ಚಿ ಹಿಡಿಯಿತು. ಅಕ್ಕನ ಹತ್ತಿರ, "ಇಷ್ಟು ವರ್ಷ ನಾನು ಅವನ ಬಾಯಲ್ಲೇ ಮಾತಾಡಿದ್ದೀನಿ ಕಣೇ" ಎಂದರಂತೆ. ಅಕ್ಕ, "ಪಾಪ, ಅವನಿಗೆ ಎಷ್ಟು ಇಕ್ಕಟ್ಟಾಗಿರಬೇಕು" ಎಂದಳಂತೆ. ಮುಂದಿನ ತಿಂಗಳು ಭಾವ ಸಂಜೆ ಕಾಲೇಜಿಗೆ ಸೇರಿದರು.

ಅಲ್ಲಿಂದ ಶುರುವಾಯಿತು ಸಮತೋಲನದ ಬದುಕು. ಮನೆಗೆ ಎರಡು ಪತ್ರಿಕೆ ಬರತೊಡಗಿದವು. ಒಂದಕ್ಕೆ ಸರ್ಕಾರ ದೇವರು, ಇನ್ನೊಂದಕ್ಕೆ ದೆವ್ವ. ಎರಡನ್ನೂ ಓದಿದ ಭಾವನಿಗೆ ಮನುಷ್ಯರೆಲ್ಲ ಎಲ್ಲಿ ಹೋದರು ಎಂಬ ಚಿಂತೆ. ಅಡುಗೆಮನೆಯ ಬಾಗಿಲ ಮೇಲೆ ವೇಳಾಪಟ್ಟಿ ಅಂಟಿಸಿದರು: ನಡಿಗೆ, ಓದು, ಕಣ್ಣಿನ ವ್ಯಾಯಾಮ, ಹೆಂಡತಿಯೊಡನೆ ಮಾತುಕತೆ.

"ನೋಡು, ನನ್ನನ್ನ ಎಲ್ಲಿಗೆ ಹಾಕಿದ್ದಾರೆ," ಅಕ್ಕ ನನಗೆ ತೋರಿಸಿದಳು. "ಕಣ್ಣಿನ ವ್ಯಾಯಾಮ ಆದಮೇಲೆ. ಕಣ್ಣು ಮುಚ್ಚಿಕೊಂಡು ವಿಶ್ರಾಂತಿ ತಗೊಳ್ಳೋ ಹೊತ್ತಲ್ಲಿ."

"ಎಡಕ್ಕೂ ಬಲಕ್ಕೂ ಸಮನಾಗಿ ಅಗೀಬೇಕು," ಎಂದು ಭಾವ ಊಟಕ್ಕೆ ಕುಳಿತಾಗಲೆಲ್ಲ ಹೇಳುವರು. "ಒಂದೇ ಕಡೆ ಅಗಿದ್ರೆ ಸೆಟ್ಟು ಇನ್ನೊಂದು ಕಡೆ ಎದ್ದುಬಿಡತ್ತೆ. ದೇಶನೂ ಅಷ್ಟೇ."

"ಮೊದಲು ತಟ್ಟೇಲಿ ಇರೋದನ್ನ ಅಗೀರಿ. ದೇಶ ಆಮೇಲೆ. ಆರಿಹೋಗ್ತಿದೆ."

ಕಾಲೇಜಿನ ಮೇಡಂ ಹೇಳಿಕೊಟ್ಟ ಒಂದು ನಿಯಮವನ್ನಂತೂ ಭಾವ ವ್ರತದಂತೆ ಹಿಡಿದರು. ಎದುರಾಳಿಯ ವಾದವನ್ನು ಎದುರಾಳಿಯೇ ತಲೆದೂಗುವಷ್ಟು ಚೆನ್ನಾಗಿ ಹೇಳಲು ಬರದಿದ್ದರೆ ನಿಮ್ಮ ವಾದ ಹೇಳುವ ಹಕ್ಕು ನಿಮಗಿಲ್ಲ ಎಂಬುದು ಆ ನಿಯಮ. ಒಳ್ಳೆಯ ನಿಯಮವೇ. ನಾನೂ ಒಪ್ಪುತ್ತೇನೆ. ಹಲ್ಲಿನ ಮೇಜಿನಲ್ಲಿ ಅದನ್ನು ಪ್ರಯೋಗಿಸಿದಾಗ ಮಾತ್ರ ಕೆಳದವಡೆ ಉರಿದುಬಿದ್ದ.

"ಲೋ, ನನ್ನ ಪಕ್ಷದ ಮಾತನ್ನ ನನಗಿಂತ ಚೆನ್ನಾಗಿ ನೀನೇ ಹೇಳ್ತೀಯ. ಆಮೇಲೆ ನೀನೇ ಮುರೀತೀಯ. ಮಧ್ಯೆ ನಾನ್ಯಾಕೆ ಇಲ್ಲಿ ಕೂತಿರೋದು?"

"ನೀನು ತಲೆದೂಗಬೇಕು. ಅಷ್ಟೇ."

"ಮೊದಲು ನೀನು ಯಾರ ಕಡೆ ಹೇಳು."

"ಇನ್ನೂ ಓದ್ತಾ ಇದ್ದೀನಿ ಕಣೋ."

ಕೆಳದವಡೆ ಜೋರಾಗಿ ನಕ್ಕ. ಆದರೂ ಗೆಳೆಯ ಕಾಲೇಜಿಗೆ ಹೋಗುವ ದಿನಗಳಲ್ಲಿ ಭಾವನ ಮೇಣದ ಕೆಲಸವನ್ನು ತಾನೇ ಒಪ್ಪವಾಗಿ ಎತ್ತಿಡುತ್ತಿದ್ದ. ಬಸ್ಸು ತಪ್ಪೀತೆಂದು ಗಡಿಯಾರ ನೋಡಿ ಎಬ್ಬಿಸಿ ಕಳಿಸುತ್ತಿದ್ದವನೂ ಅವನೇ.

ಆಗ ಬಂತು ಯಂತ್ರದ ಸುದ್ದಿ. ಬಾಯೊಳಗೆ ಒಂದು ಕಡ್ಡಿ ಆಡಿಸಿದರೆ ಚಿತ್ರ ಮೂಡುತ್ತದಂತೆ, ಆ ಚಿತ್ರ ನೋಡಿ ಯಂತ್ರವೇ ಸಾಲು ಕೆತ್ತುತ್ತದಂತೆ. ನಕ್ಕಾಗ ಕಾಣುವುದು ಮೇಲಿನ ಸಾಲು, ಅದಕ್ಕೆ ಕೈಕೆಲಸವೇ ಬೇಕೆಂದು ಗಿರಾಕಿಗಳು ಹಟ ಹಿಡಿಯುವುದರಿಂದ ಭಾವ ಉಳಿಯಬಹುದು. ಕೆಳಗಿನ ಸಾಲು ಯಂತ್ರಕ್ಕೆ. ಯಂತ್ರ ನಡೆಸಲು ಹೊರಗಿನಿಂದ ಒಬ್ಬನನ್ನು ಕರೆತರುವುದೆಂದು ಯಜಮಾನರು ತೀರ್ಮಾನಿಸಿದ್ದರು.

ಕೆಳದವಡೆಗೆ ಬೇರೆ ಲ್ಯಾಬು ಸಿಗುವುದಿಲ್ಲವೇ ಎಂದು ನಾನು ಕೇಳಿದ್ದೆ. ಎಲ್ಲಿಯದು ಎಂದರು ಭಾವ. ಇಬ್ಬರು ಸೇರಿ ಒಂದು ಬಾಯಿ ಕಟ್ಟುವ ಪದ್ಧತಿ ಬೇರೆಲ್ಲೂ ಇಲ್ಲ. ಎಲ್ಲ ಕಡೆಯೂ ಎರಡೂ ಸಾಲು ಕಟ್ಟುವವರೇ ಬೇಕು. ಕೆಳದವಡೆ ಜೀವಮಾನದಲ್ಲಿ ಒಂದು ಮೇಲಿನ ಹಲ್ಲನ್ನೂ ಕೂರಿಸಿದವನಲ್ಲ. ಅರ್ಧ ಬಾಯಿಯ ಕಸುಬುದಾರನಿಗೆ ಪೂರ್ತಿ ಅನ್ನ ಕೊಡುವವರು ಯಾರು?

ಕೆಲಸಗಾರರೆಲ್ಲ ಕೂಡಿ ಮಾತಾಡಿಕೊಂಡರು. ಅವರ ಬೇಡಿಕೆ ಬಹಳ ಸಣ್ಣದು. ಯಂತ್ರ ಬರಲಿ, ಆದರೆ ಹೊರಗಿನವನನ್ನು ತರುವ ಬದಲು ಅದನ್ನು ನಡೆಸುವುದನ್ನು ಕೆಳದವಡೆಗೇ ಕಲಿಸಿ. ಎಲ್ಲರೂ ಕೇಳುತ್ತಾ ನಿಲ್ಲಬಹುದು, ಮಾತಾಡುವವರು ಮಾತ್ರ ಒಬ್ಬರೇ ಇರಬೇಕು ಎಂದು ಯಜಮಾನರು ಹೇಳಿದ್ದರು. ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ರಾಜ್ಯಶಾಸ್ತ್ರ ಓದುತ್ತಿರುವ ಮನುಷ್ಯ ಮೇಜಿನ ಎದುರೇ ಇದ್ದ. ಕೆಳದವಡೆ ಎಲ್ಲರಿಗೂ ಟೀ ಹೇಳಿ, ಭಾವನ ಕಡೆ ಕಣ್ಣು ಹಾರಿಸಿ, "ನನಗೇನ್ರಪ್ಪಾ ಚಿಂತೆ? ನನ್ನನ್ನ ಮೇಲಿನವನು ನೋಡ್ಕೋತಾನೆ" ಎಂದನಂತೆ.

ಆ ದಿನ ನಡೆದದ್ದನ್ನು ನನಗೆ ಹೇಳಿದವಳು ಹಲ್ಲಿಗೆ ಪಾಲಿಶ್ ಹಾಕುವ ಹೆಂಗಸು. ಭಾವ ಇಸ್ತ್ರಿ ಅಂಗಿ ತೊಟ್ಟು ಬಂದಿದ್ದರು. ಯಜಮಾನರ ಕೋಣೆಯಲ್ಲಿ ಎಲ್ಲರೂ ಗೋಡೆಗೆ ಒತ್ತಿ ನಿಂತಿದ್ದರು. ಕೆಳದವಡೆ ಬಾಗಿಲ ಹತ್ತಿರವಿದ್ದ. ಭಾವ ಗಂಟಲು ಸರಿಮಾಡಿಕೊಂಡು, "ಮೊದಲು ನಿಮ್ಮ ಕಡೆಯ ಮಾತನ್ನ ನಾನು ಹೇಳ್ತೀನಿ ಸಾರ್. ತಪ್ಪಿದ್ರೆ ತಿದ್ದಿ" ಎಂದು ಆರಂಭಿಸಿದರು.

ಯಜಮಾನರು ಕೈ ಕಟ್ಟಿಕೊಂಡು ಹಿಂದಕ್ಕೆ ಒರಗಿದ್ದರು. ಭಾವ ಹೇಳುತ್ತಾ ಹೋದರು. ಹಲ್ಲಿಲ್ಲದೆ ವಾರಗಟ್ಟಲೆ ಕಾಯುವ ಮುದುಕರ ಬಗ್ಗೆ ಹೇಳಿದರು. ಮದುವೆಮನೆಯಲ್ಲಿ ಬಾಯಿಗೆ ಸೆರಗು ಅಡ್ಡ ಹಿಡಿದು ಕೂರುವ ಅಜ್ಜಿಯರ ಬಗ್ಗೆ, ಪಕ್ಕದ ಬೀದಿಯ ಲ್ಯಾಬು ಯಂತ್ರ ತಂದಮೇಲೆ ಒಂದೊಂದಾಗಿ ಆಚೆಗೆ ಹೋದ ಕ್ಲಿನಿಕ್ಕುಗಳ ಬಗ್ಗೆ ಹೇಳಿದರು. ಯಂತ್ರ ತಿಳಿದವನೇ ಮೊದಲ ದಿನದಿಂದ ಕೂತರೆ ಯಾರ ಬಾಯೂ ಹಾಳಾಗದು, ಕಲಿಯುವವನು ಕೂತರೆ ಅವನು ಕಲಿಯುವುದು ಬೇರೆಯವರ ಒಸಡಿನ ಮೇಲೆ ಎಂದೂ ಹೇಳಿದರು. ಅಪ್ಪ ಕಟ್ಟಿದ ಲ್ಯಾಬನ್ನು ಮುಚ್ಚಿದವನೆಂಬ ಹೆಸರು ತನಗೆ ಬರಬಾರದೆಂದು ನಿದ್ದೆಗೆಡುವ ಮಗನ ಸಂಕಟದವರೆಗೂ ಹೋದರು. ಯಜಮಾನರ ಕಟ್ಟಿದ ಕೈ ಬಿಚ್ಚಿತು. ತಲೆ ಮೆಲ್ಲಗೆ ಆಡತೊಡಗಿತು. ಕೊನೆಗೆ ಕನ್ನಡಕ ತೆಗೆದು ಒರೆಸಿಕೊಂಡರು.

"ನನ್ನ ಹೆಂಡತಿಗೂ ನಾನು ಇದನ್ನ ಇಷ್ಟು ಚೆನ್ನಾಗಿ ಹೇಳೋಕೆ ಆಗಿರ್ಲಿಲ್ಲ," ಎಂದರು. ಆಮೇಲೆ ಕಾದರು. ಪಾಲಿಶಿನವಳು ಇದನ್ನು ಒತ್ತಿ ಒತ್ತಿ ಹೇಳಿದಳು. ಮನುಷ್ಯ ಕಾದ. ಫ್ಯಾನು ತಿರುಗುತ್ತಿತ್ತು. "ಇನ್ನೇನಾದ್ರೂ ಹೇಳೋದಿದೆಯಾ?" ಎಂದೂ ಕೇಳಿದ.

ಭಾವ ಮೇಜಿನ ಮೇಲಿದ್ದ ನೀರಿನ ಲೋಟ ನೋಡಿದರು. ಬಾಯಿ ತೆರೆದರು. ಮುಚ್ಚಿದರು. ಇಲ್ಲವೆಂದು ತಲೆಯಾಡಿಸಿದರು.

ಪಾಲಿಶಿನವಳು ಏನೋ ಹೇಳಲು ಮುಂದೆ ಬರುವಷ್ಟರಲ್ಲಿ ಯಜಮಾನರು ಎದ್ದು ಭಾವನ ಕೈ ಕುಲುಕಿಯಾಗಿತ್ತು. ತಿರುಗಿ ನೋಡಿದರೆ ಬಾಗಿಲ ಬಳಿ ಕೆಳದವಡೆ ಇರಲಿಲ್ಲ.

ಮರುದಿನವೇ ಭಾವ ಓಡಿಹೋಗಿ ಕೆಲಸಗಾರರ ಕಡೆಯ ಮಾತನ್ನು ಯಜಮಾನರ ಮುಂದಿಟ್ಟರು. "ನಿನ್ನೆ ನೀವೇ ಅಷ್ಟು ಸ್ಪಷ್ಟವಾಗಿ ಹೇಳಿದ್ರಲ್ಲ," ಎಂದರು ಯಜಮಾನರು ಮೃದುವಾಗಿ. "ನಿಮ್ಮ ಮಾತನ್ನ ಮೀರೋಕೆ ನನಗೆ ಮನಸ್ಸಾಗ್ತಿಲ್ಲ. ಹೊರಗಿನವನಿಗೆ ಬೆಳಗ್ಗೇನೇ ಮಾತು ಕೊಟ್ಬಿಟ್ಟೆ." ಭಾವ ಇನ್ನೊಂದು ವಾರ ಬಿಟ್ಟು ಹೋದರು. ಆಗ ಯಂತ್ರವೇ ಬಂದಿತ್ತು. ಅದನ್ನು ಎಲ್ಲಿ ಇಳಿಸಬೇಕೆಂದು ಕೂಲಿಯವರು ಕೇಳಿದರು. ಕೆಳದವಡೆ ಕೂರುತ್ತಿದ್ದ ಜಾಗವನ್ನು ಯಾರೋ ತೋರಿಸಿದರು.

ಆಮೇಲೆ ಎಲ್ಲರೂ ತಮ್ಮ ತಮ್ಮ ತೀರ್ಪು ಕೊಟ್ಟರು. ಸ್ವಂತ ಕುರ್ಚಿ ಉಳಿಸಿಕೊಳ್ಳಲು ಗೆಳೆಯನನ್ನು ಮಾರಿದ ಎಂದರು ಲ್ಯಾಬಿನವರು. ಅಕ್ಕ ಒಂದೇ ಮಾತಲ್ಲಿ, "ಹೆದರ್ಕೊಂಡ್ರು" ಎಂದಳು. ಅರ್ಧ ಸುದ್ದಿಯಷ್ಟೇ ಕಿವಿಗೆ ಬಿದ್ದಿದ್ದ ಕಾಲೇಜಿನ ಮೇಡಂ, ಎದುರು ಪಕ್ಷದ ಮಾತನ್ನು ಇಷ್ಟು ನ್ಯಾಯವಾಗಿ ಮಂಡಿಸಿದ ವಿದ್ಯಾರ್ಥಿಯನ್ನು ತಾನು ಕಂಡಿಲ್ಲವೆಂದು ತರಗತಿಯಲ್ಲೇ ಹೊಗಳಿದರು. ಚಪ್ಪಾಳೆ ಬಿತ್ತು. ಮನೆಗೆ ಬಂದ ಭಾವ ವೇಳಾಪಟ್ಟಿಯನ್ನು ಹರಿದುಹಾಕಿದರು. ಅಂಟು ಮಾತ್ರ ಬಾಗಿಲಿನಿಂದ ಬಿಡಲಿಲ್ಲ. ನನ್ನ ಎಣಿಕೆಯೇ ಬೇರೆ: ಬಾಯಾರಿತ್ತು, ನೀರು ಕೇಳಲು ಸಂಕೋಚವಾಗಿತ್ತು, ಆ ಗಳಿಗೆ ಕೈಜಾರಿತು. ನೀರಿನ ಲೋಟವನ್ನು ನೋಡಿದರಲ್ಲ!

ಕೆಳದವಡೆ ಊರಿನ ಲ್ಯಾಬುಗಳನ್ನೆಲ್ಲ ಸುತ್ತಿದ. "ಮೇಲಿನದೂ ಬರತ್ತಾ?" ಎಂದು ಎಲ್ಲರೂ ಕೇಳಿದರು. ಆತನಿಗೆ ಸುಳ್ಳು ಹೇಳಲು ಬರಲಿಲ್ಲ. ಕೊನೆಗೆ ಮನೆಯಲ್ಲೇ ಉಳಿದ. ಭಾವನ ಫೋನು ಎತ್ತಲಿಲ್ಲ. ಎದುರಾದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದ. ಹೂಂ ಎನ್ನಲು ಯಾರೂ ಇಲ್ಲದೆ ಆತನ ರಾಜಕೀಯವೂ ನಿಂತುಹೋಯಿತೆಂದು ಕೇಳಿದೆ.

ಹಲವು ತಿಂಗಳ ಮೇಲೆ ಒಂದು ಭಾನುವಾರ ಭಾವ ನನ್ನನ್ನು ಜೊತೆಗೆ ಕರೆದುಕೊಂಡು ಅವನ ಮನೆಗೆ ಹೋದರು. ಒಬ್ಬರೇ ಹೋಗುವ ಧೈರ್ಯ ಅವರಿಗಿರಲಿಲ್ಲ. ಕೆಳದವಡೆಯ ಹೆಂಡತಿ ಬಾಗಿಲು ತೆರೆದು, ನಮ್ಮನ್ನು ನೋಡಿ, ಅದನ್ನು ಹಾಗೇ ಬಿಟ್ಟು ಒಳಗೆ ಹೋದಳು. ಆತ ಕಿಟಕಿಯ ಬಳಿ ಒಂದು ಸ್ಟೂಲಿನ ಮೇಲೆ ಕುಳಿತು ಮೇಣದ ಮೇಲೆ ಹಲ್ಲು ಕೂರಿಸುತ್ತಿದ್ದ. ಮೇಲಿನ ಸಾಲು. ಮುಂದಿನ ಎರಡು ಹಲ್ಲು ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತಿದ್ದವು.

"ಬನ್ನಿ," ಎಂದು ನನಗೆ ಹೇಳಿದ. ಭಾವನಿಗಲ್ಲ.

ಭಾವ ನೆಲದ ಮೇಲೇ ಕೂತರು. ಬಾಗಿ ಆ ಸಾಲನ್ನು ನೋಡಿದರು. "ಮಧ್ಯದ್ದು ಸ್ವಲ್ಪ ಒಳಗೆ ತಳ್ಳು," ಎಂದರು.

"ನೀನು ಹೇಳಿಕೊಡಬೇಡ. ನೀನು ಹೇಳಿದ್ದು ಸಾಕು." ಕೆಳದವಡೆ ಚಾಕು ಕೆಳಗಿಟ್ಟ. ಬೈಗುಳಕ್ಕೆ ನಾನು ತಯಾರಾದೆ. ಆದರೆ ಆತನ ದನಿ ಏರಲೇ ಇಲ್ಲ. "ನೋಡು, ಕುರ್ಚಿಗೋಸ್ಕರ ನನ್ನನ್ನ ಮಾರಿದೆ ಅಂತಾರೆ ಅವರೆಲ್ಲ. ನಾನು ನಂಬಲ್ಲ. ನಿನ್ನ ಕೈಯಲ್ಲಿ ಅದೆಲ್ಲ ಆಗಲ್ಲ. ಹೆದರಿದೆ ಅಂತಾಳೆ ನಿನ್ನ ಹೆಂಡ್ತಿ. ಅದೂ ಅಲ್ಲ. ಯಜಮಾನ್ರ ಮುಂದೆ ನೀನು ಅಷ್ಟೊಂದು ಮಾತಾಡಿದ್ದನ್ನ ನಾನೇ ಕೇಳಿದ್ದೀನಲ್ಲ. ಕಾದ್ರು. ಬಾಯಿಬಿಟ್ಟು ಕೇಳಿದ್ರು. ನಂದೊಂದು ಮಾತು, ಒಂದೇ ಮಾತು ಉಳಿದಿತ್ತು. ಯಾಕೋ ಹೇಳ್ಲಿಲ್ಲ?"

ಭಾವ ಅಂಗೈಯಿಂದ ಮೊಣಕಾಲು ಉಜ್ಜಿಕೊಂಡರು.

"ಹೇಳ್ಬೇಕು ಅಂತಲೇ ಇದ್ದೆ ಕಣೋ," ಎಂದರು. "ಆದ್ರೆ ಅವರ ಕಡೇದು ಹೇಳ್ತಾ ಹೇಳ್ತಾ, ನನಗೂ ಅದೇ ಸರಿ ಅನ್ನಿಸಿಬಿಡ್ತು."