ಕಂಬಕ್ಕೆ ಉಡಿಸಿದ ಸೀರೆ

ನಾನು ಚಿಕ್ಕವಳಿದ್ದಾಗ ನಮ್ಮ ಬನಹಟ್ಟಿ ಮನೆಯ ಮಗ್ಗದ ಮೇಲೆ ಒಮ್ಮೆ ಚರ್ಚಿನ ಕಂಬಗಳಿಗೆ ಸೀರೆ ತಯಾರಾಯಿತು. ನಗಬೇಡಿ ಮಕ್ಕಳೇ, ಖರೆ ಹೇಳುತ್ತಿದ್ದೇನೆ.

ಆ ಚರ್ಚು ಮುಧೋಳದ ಕಡೆಗಿತ್ತು. ಗೋಪುರವಿಲ್ಲ, ಕಮಾನಿಲ್ಲ, ಮುಂದೆ ನಾಲ್ಕು ದುಂಡು ಕಂಬ, ಅವುಗಳ ತಲೆಯ ಮೇಲೆ ತ್ರಿಕೋನದ ಮುಖ. ಸಂಸ್ಥಾನದ ಕಾಲದಲ್ಲಿ ಯಾರೋ ಪಾದ್ರಿ ಗ್ರೀಕರ ಹಳೆಯ ಗುಡಿಗಳಂತೆ ನಕಾಶೆ ಬರೆದಿದ್ದರಂತೆ. ಕಟ್ಟಿದವರು ಮಾತ್ರ ನಮ್ಮ ಕಡೆಯ ಗೌಂಡಿಗಳೇ. ಇಟ್ಟಿಗೆಯ ಕಂಬಕ್ಕೆ ಗಾಣದಲ್ಲಿ ಅರೆದ ಸುಣ್ಣದ ಗಚ್ಚು ಬಳಿದು ನುಣುಪು ಮಾಡಿದ್ದರು. ಬಿರುಬಿಸಿಲಿನಲ್ಲೂ ಅದಕ್ಕೆ ಕೆನ್ನೆ ಇಟ್ಟರೆ ತಣ್ಣಗಿರುತ್ತಿತ್ತು.

ಹಬ್ಬಕ್ಕೆ ಕಂಬಗಳಿಗೆ ಸುತ್ತಲು ಬಿಳಿ ಬಟ್ಟೆ ನೇಯಲು ಆಗ ಅಲ್ಲಿದ್ದ ಪಾದ್ರಿಗಳು ಅಪ್ಪನಿಗೆ ಹೇಳಿದರು. ಎರಡೂ ಅಂಚಿನ ಕೆಂಪು ದಡಿಗಳು ಮುಂಭಾಗದಲ್ಲಿ ಕೂಡಿ ಒಂದೇ ಗೆರೆಯಾಗಿ ಕಾಣಬೇಕೆಂದು ಅಪ್ಪನ ಆಸೆ. ದಾರ ಸುತ್ತಿ ಅಳತೆ ತೆಗೆದವಳು ನಾನು. ನನ್ನ ಕೈಗೆ ಎಟುಕಿದ್ದು ಕಂಬದ ಬುಡ; ಅಲ್ಲೇ ಗಂಟು ಹಾಕಿ ದಾರ ಕೊಟ್ಟೆ. ಅದರಂತೆ ಅಪ್ಪ ನೇಯ್ದ.

ಹಬ್ಬದ ಹಿಂದಿನ ದಿನ ನಾನೂ ಅಕ್ಕನೂ ಜೊತೆಗೆ ಹೋದೆವು; ಅಪ್ಪ ಏಣಿ ಹತ್ತಿದ. ಕೆಳಗೆ ದಡಿಗೆ ದಡಿ ಕೂಡಿತು. ಮೇಲೆ ಹೋದಂತೆ ಒಂದರ ಮೇಲೊಂದು ಏರಿ ಬಟ್ಟೆ ಜೋಲು ಬಿತ್ತು. ಕಂಬ ಮೇಲೆ ಸಣ್ಣಗಿತ್ತು! ನೆರೆದವರು ಮುಸಿಮುಸಿ ನಕ್ಕರು. ಅಪ್ಪನ ಹೆಸರು ಕೆಡುತ್ತದೆ, ಅದೂ ನನ್ನಿಂದ.

“ಕಂಬ ಮ್ಯಾಲಿನತನಕ ಒಂದ ದಪ್ಪ ಇದ್ರ ನೋಡಾವ್ರ ಮೈಮ್ಯಾಲ ಬಿದ್ದಂಗ ಕಾಣ್ತಾವು. ಅದಕ್ಕ ಗೌಂಡಿಗಳು ಬೇಕಂತನ ಸಣ್ಣ ಮಾಡ್ಯಾರ. ಅಳತಿ ಯಾರು ತಗೊಂಡಿದ್ರಿ?” ಎಂದರು ಪಾದ್ರಿಗಳು.

ನಾನು ಅಕ್ಕನ ಬೆನ್ನ ಹಿಂದೆ ಅಡಗಿದೆ.

“ನಾನ ರೀ. ತಪ್ಪು ನಂದ,” ಎಂದ ಅಪ್ಪ.

ಆಗ ಅಕ್ಕ ಮೆಲ್ಲಗೆ, “ಅಪ್ಪಾ, ಹಿಂದ ನಿರಿಗಿ ಹಿಡದ ಹೊಲಿಯೂಣೇನು?” ಎಂದಳು. ಮೂವರೂ ಸೂಜಿ ಹಿಡಿದು ಕೂತೆವು. ಮೇಲೆ ಅಗಲವಾಗಿ, ಕೆಳಗೆ ಬರುತ್ತ ಕರಗಿಹೋಗುವ ನಿರಿಗೆಗಳು. ಹೊತ್ತು ಮುಳುಗುವಷ್ಟರಲ್ಲಿ ನಾಲ್ಕೂ ಕಂಬಗಳ ಮುಂದೆ ಕೆಂಪು ಗೆರೆ ನೆಟ್ಟಗೆ ನಿಂತಿತ್ತು. ನಕ್ಕವರೇ ಮುಟ್ಟಿ ನೋಡಿ ಹೋದರು.

ಮರಳಿ ಬರುವಾಗ ಬಸ್ಸಿನಲ್ಲಿ ನಾನು ಅತ್ತುಬಿಟ್ಟೆ. “ನಿನ್ನ ಕೈ ಮ್ಯಾಲ ಎಟುಕಲಿಲ್ಲ, ಖರೆ. ನನ್ನ ಕಣ್ಣು ಎಲ್ಲಿ ಹೋಗಿದ್ವು ಬೇ?” ಎಂದು ಅಪ್ಪ ನನ್ನ ತಲೆ ಸವರಿದ.

ಈಗ ನಮ್ಮ ಓಣಿಯಲ್ಲಿ ಪವರ್‌ಲೂಮ್‌ಗಳು ಸದ್ದು ಮಾಡುತ್ತವೆ. ನೀವು ಮೊಬೈಲ್ ಎತ್ತಿ ಹಿಡಿದರೆ ಕಂಬದ ಬುಡ, ತುದಿ ಎರಡರ ಅಳತೆಯೂ ಸಿಗುತ್ತದಂತೆ. ಅಷ್ಟಿದ್ದೂ ಮೊನ್ನೆಯಿಂದ ಕಡಿಮೆ ಅಂಕ ಬಂದ ಗಣಿತದ ಪೇಪರನ್ನು ಹಾಸಿಗೆಯ ಕೆಳಗೆ ಬಚ್ಚಿಟ್ಟವರು ಯಾರು? ತನ್ನಿ ಇಲ್ಲಿ. ನಿಮ್ಮಪ್ಪನ ಮುಂದೆ ನಾನು ನಿಲ್ಲುತ್ತೇನೆ. ಸರಿಯಾಗಿ ಹೇಳಿಕೊಡದವಳು ನಾನೇ ಎನ್ನುತ್ತೇನೆ.