ಐವತ್ತೆರಡು ನಿಮಿಷದ ಗಾಳಿ

ಬಸ್ ನಿಲ್ದಾಣದ ಟೈಮ್ ಕೀಪರನ್ನು ಊರೆಲ್ಲ ‘ಗಂಟೆಯಪ್ಪ’ ಎಂದೇ ಕರೆಯುತ್ತಿತ್ತು. ಮೂವತ್ತೊಂದು ವರ್ಷ ಗೂಡಿನಂಥ ಕೋಣೆಯಲ್ಲಿ ಕೂತು ಬಂದ ಬಸ್ಸು, ಹೋದ ಬಸ್ಸು ಬರೆದುಕೊಂಡ ಮನುಷ್ಯ. ಯಾವ ಊರು ಎಷ್ಟು ದೂರ, ಎಷ್ಟು ಹೊತ್ತಿನ ದಾರಿ ಎಂಬುದೆಲ್ಲ ನಾಲಿಗೆಯ ತುದಿಯಲ್ಲಿತ್ತು.

ಅಂಥವನು ನಾದಿನಿಗೆ ವಿಮಾನದ ಟಿಕೆಟ್ ಮಾಡಿಸಲು ಹೋದ. ಹೆಂಡತಿಯ ಈ ತಂಗಿ ಹನ್ನೆರಡು ವರ್ಷದಿಂದ ಕಡಲಾಚೆಯ ಬೇಕರಿಯೊಂದರಲ್ಲಿ ದುಡಿಯುತ್ತಿದ್ದಳು. ದೂರ ಹನ್ನೆರಡು ಸಾವಿರದ ಆರುನೂರು ಕಿಲೋಮೀಟರು. ಬರಲು ಹದಿನಾಲ್ಕು ಗಂಟೆ, ವಾಪಸಾಗಲು ಹದಿನಾರು! ಒಂದೇ ದಾರಿಗೆ ಎರಡು ಲೆಕ್ಕವೇ ಎಂದು ಗಂಟೆಯಪ್ಪ ಏಜೆನ್ಸಿಯ ಹುಡುಗಿಯ ಮೇಲೆ ಹರಿಹಾಯ್ದ. ಅವಳು ನಗುತ್ತಲೇ ವಿವರಿಸಿದಳು: ಮೇಲೆ, ಮೋಡಕ್ಕಿಂತ ಎತ್ತರದಲ್ಲಿ, ಗಾಳಿ ಹೊಳೆಯ ಹಾಗೆ ಒಂದೇ ಕಡೆಗೆ ಹರಿಯುತ್ತದೆ, ಬರುವಾಗ ಬೆನ್ನಿಗೆ ತಳ್ಳುತ್ತದೆ, ಹೋಗುವಾಗ ಎದೆಗೆ ಅಡ್ಡ ಬರುತ್ತದೆ. ಗಂಟೆಯಪ್ಪ ಬಿಟ್ಟ ಬಾಯಿ ಮುಚ್ಚಲಿಲ್ಲ. ತಲೆಯ ಮೇಲೇ ಇಂಥದೊಂದು ಹರಿಯುತ್ತಿದ್ದರೂ ಒಂದು ದಿನವೂ ಕತ್ತೆತ್ತಿ ನೋಡಲಿಲ್ಲವಲ್ಲ ಎಂದು ನಾಚಿದ.

ಆದರೆ ಬರೀ ಬೆರಗುಪಟ್ಟರೆ ಕೆಲಸ ಆದೀತೇ? ಹೆಂಡತಿಯ ಹೃದಯದ ಕವಾಟ ಬದಲಿಸಬೇಕಿತ್ತು. ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಆಪರೇಷನ್. ಆ ಹೊತ್ತು ತಪ್ಪಿದರೆ ಇನ್ನೊಂದು ತಿಂಗಳು ಕಾಯಬೇಕು, ಅಷ್ಟು ದಿನ ಹೃದಯ ತಾಳುವುದು ಕಷ್ಟ ಎಂದಿದ್ದರು ಡಾಕ್ಟರು. ಹೆಂಡತಿಯದೋ ಉಡದ ಹಿಡಿತ. ತಾಯಿಯಿಲ್ಲದ ತಂಗಿಯನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು.

“ಅವಳ ಮುಖ ನೋಡ್ದೆ ನಾನು ಒಳಗೆ ಹೋಗಲ್ಲ. ನೀವು ಏನ್ ಬೇಕಾದ್ರೂ ಹೇಳಿ.”

ಸೀಟಿದ್ದ ಒಂದೇ ವಿಮಾನ ಇಳಿಯುವುದು ಅದೇ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ. ಪಾಸ್‌ಪೋರ್ಟಿನ ಸಾಲಿಗೆ ಅರ್ಧ ಗಂಟೆ, ಆಸ್ಪತ್ರೆಯ ದಾರಿಗೆ ಒಂದು ಗಂಟೆ. ಗಂಟೆಯಪ್ಪ ಬೆರಳು ಮಡಚಿ ಮಡಚಿ ಎಣಿಸಿದ. ಹೇಗೆ ಎಣಿಸಿದರೂ ಅರ್ಧ ಗಂಟೆ ಕಡಿಮೆ. ಬಸ್ಸಾಗಿದ್ದರೆ ಡ್ರೈವರಿಗೆ ಸ್ವಲ್ಪ ಒತ್ತಪ್ಪಾ ಎನ್ನಬಹುದಿತ್ತು. ಆಕಾಶದಲ್ಲಿ ಯಾರ ಕಾಲು ಹಿಡಿಯುವುದು?

ಗುರುವಾರ ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದಾಗ ಏಜೆನ್ಸಿಯ ಹುಡುಗಿಯ ಫೋನು ಬಂತು.

“ಅಂಕಲ್, ಇವತ್ತು ಮೇಲೆ ಗಾಳಿ ತುಂಬಾ ಜೋರಿದೆ. ವಿಮಾನ ಗಂಟೆಗೆ ಸಾವಿರದ ನೂರು ಕಿಲೋಮೀಟರಲ್ಲಿ ಬರ್ತಾ ಇದೆ. ಬೇಗ ಇಳಿಯುತ್ತೆ.”

ಗಂಟೆಯಪ್ಪ ಕತ್ತೆತ್ತಿದ. ಅಂಗಳದ ಮರದಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅಷ್ಟು ಎತ್ತರದಲ್ಲಿ, ಕಣ್ಣಿಗೆ ಕಾಣದ ಯಾವುದೋ ಒಂದು, ಅವನ ಮನೆಯ ಹೆಣ್ಣುಮಗಳನ್ನು ಅಕ್ಕನ ಕಡೆಗೆ ದೂಡಿಕೊಂಡು ಬರುತ್ತಿತ್ತು. ಯಾರಿಗೆಂದು ತಿಳಿಯದೆಯೇ ಕೈ ಮುಗಿದ.

ವಿಮಾನ ಐವತ್ತೆರಡು ನಿಮಿಷ ಮುಂಚೆ ಇಳಿಯಿತು. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ನಾದಿನಿ ಏದುಸಿರು ಬಿಡುತ್ತ ವಾರ್ಡಿಗೆ ಬಂದಳು. ಅಕ್ಕ ಅವಳ ಎರಡೂ ಕೆನ್ನೆ ಹಿಡಿದು, ಹನ್ನೆರಡು ವರ್ಷದ್ದನ್ನೂ ಒಟ್ಟಿಗೆ ನೋಡಿದಳು. ಎಷ್ಟು ಸೊರಗಿದ್ದೀಯೆ ಎಂದು ಬೈದಳು. ಆಮೇಲೆ ನರ್ಸಿನ ಕಡೆ ತಿರುಗಿದಳು.

“ಆಯ್ತಮ್ಮ. ಇನ್ನು ಎಲ್ಲಿಗೆ ಬೇಕಾದ್ರೂ ಕರ್ಕೊಂಡ್ ಹೋಗಿ.”

ಆ ಮಾತಿಗೆ ಬೆಚ್ಚಿದ ಗಂಟೆಯಪ್ಪ ಗಡಿಯಾರದ ಕಡೆ ನೋಡಿದ. ಹನ್ನೆರಡಕ್ಕೆ ಇನ್ನೂ ನಾಲ್ಕು ನಿಮಿಷವಿತ್ತು. ಆ ನಾಲ್ಕು ನಿಮಿಷವೂ ಅಕ್ಕ ತಂಗಿಯ ಕೈ ಬಿಡಲಿಲ್ಲ.